ಒಂದು ಪುಟಕ್ಕೆ ಹಿಡಿಸದ ಮೀನು

ನನ್ನನ್ನು ಮೀನುಗಾರಿಕೆಯ ವಿಭಾಗಕ್ಕೆ ಹಾಕಿದಾಗ ನಾನು ಸಮುದ್ರ ಕಂಡಿದ್ದು ಒಂದೇ ಸಲ. ಮದುವೆಯಾದ ಹೊಸದರಲ್ಲಿ ಮುರ್ಡೇಶ್ವರಕ್ಕೆ ಹೋಗಿದ್ದೆವು. ಆಗಲೂ ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಂಡದ್ದೇ ಹೆಚ್ಚು. ಮೀನು ತಿನ್ನುವುದಿರಲಿ, ಮೀನು ಬೆಂದ ಪಾತ್ರೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವಳು ನಾನು. ದಾವಣಗೆರೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ, ಪರೀಕ್ಷೆ ಬರೆದು ದೆಹಲಿಗೆ ಬಂದು, ಹಲವು ವರ್ಷ ಗೋಧಿ, ಬೇಳೆಗಳ ಬೆಲೆಯ ತಖ್ತೆ ಬರೆದಿದ್ದೆ. ಎರಡು ಸಾವಿರದ ದಶಕ ಶುರುವಾಗುವ ಹೊತ್ತಿಗೆ ಒಂದು ವರ್ಗಾವಣೆ ಆದೇಶ ಬಂತು, ಬೇಳೆಯಿಂದ ಮೀನಿಗೆ ಬಂದೆ. ಆರ್.ಕೆ.ಪುರಂನ ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯ ಪದ್ಮಾ, "ಏನ್ರೀ ಸರೋಜಾ, ಇನ್ಮೇಲೆ ನಿಮ್ಮನೆ ಕುಕ್ಕರ್ ಸೀಟಿ ಹೊಡೆದ್ರೆ ನಾವು ಕಿಟಕಿ ಹಾಕ್ಕೋಬೇಕಾ?" ಎಂದು ಛೇಡಿಸಿದ್ದರು.

ಈ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಈಗಲೂ ಒಮ್ಮೊಮ್ಮೆ ಫೋನ್ ಮಾಡುತ್ತಾರೆ. ಬಡ್ತಿ ಎಷ್ಟು ವರ್ಷಕ್ಕೆ ಸಿಗುತ್ತದೆ, ಯಾವ ವಿಭಾಗ ಆರಾಮ ಎಂದು ಕೇಳುತ್ತಾರೆ. ಬಡ್ತಿಯ ವಿಷಯ ನಿಯಮಾವಳಿಯಲ್ಲಿದೆ, ಓದಿಕೊಳ್ಳಿ. ನಿಯಮಾವಳಿಯಲ್ಲಿ ಇಲ್ಲದ ಒಂದೆರಡು ಸಂಗತಿಗಳನ್ನು ನಾನು ಬರೆಯುತ್ತೇನೆ. ಅದರಲ್ಲಿ ಹೆಚ್ಚಿನದು ನನ್ನದೇ ತಪ್ಪು.

ಕೆಲಸ ಹೇಳುವುದಕ್ಕೆ ಸುಲಭ. ಕರಾವಳಿ ರಾಜ್ಯಗಳಿಂದ ತಿಂಗಳಿಗೊಮ್ಮೆ ತಖ್ತೆಗಳು ಬರುತ್ತಿದ್ದವು. ಯಾವ ಬಂದರಿನಲ್ಲಿ ಯಾವ ಮೀನು ಎಷ್ಟು ಇಳಿಯಿತು, ಎಷ್ಟು ದೋಣಿ ಎಷ್ಟು ದಿನ ನೀರಿನಲ್ಲಿದ್ದವು, ದಡದಲ್ಲಿ ಏನು ಬೆಲೆ ಸಿಕ್ಕಿತು. ನಾವು ಅವನ್ನೆಲ್ಲ ಕೂಡಿಸಿ, ಯಾವ ಬಂದರಿಗೆ ಕೇಂದ್ರದ ಸಹಾಯ ಕೊಡಬಹುದು, ಯಾವುದಕ್ಕೆ ಬೇಡ ಎಂದು ಟಿಪ್ಪಣಿ ಬರೆಯಬೇಕು. ಬೆಳಿಗ್ಗೆ ಚಾರ್ಟರ್ಡ್ ಬಸ್ಸಿನಲ್ಲಿ ಕೂತು ಕಚೇರಿಗೆ ಹೋಗಿ, ನೋಡದ ಸಮುದ್ರದ, ತಿನ್ನದ ಮೀನಿನ ಲೆಕ್ಕ ಹಾಕಿ, ಸಂಜೆ ಅದೇ ಬಸ್ಸಿನಲ್ಲಿ ತರಕಾರಿ ಮಾರುವ ಭಯ್ಯಾನ ಹತ್ತಿರ ಕೊಂಡ ಬೆಂಡೆಕಾಯಿ ಹಿಡಿದು ಮನೆಗೆ ಬರುತ್ತಿದ್ದೆ. ಮೊದಲ ವರ್ಷ ನಾನು ಮಾಡಿದ ದೊಡ್ಡ ಹುಚ್ಚುತನವೆಂದರೆ, ಮಂಗಳೂರಿನವರ ಭೂತಾಯಿ, ಕಾರವಾರದ ಕಡೆಯವರ ತಾರ್ಲೆ ಎರಡೂ ಒಂದೇ ಮೀನು ಎಂದು ಗೊತ್ತಿಲ್ಲದೆ ಎರಡು ಬೇರೆ ಸಾಲಿನಲ್ಲಿ ಬರೆದದ್ದು. ಕೊಚ್ಚಿಯಿಂದ ಬಂದಿದ್ದ ಒಬ್ಬ ವಿಜ್ಞಾನಿ ಅದನ್ನು ನೋಡಿ, ಬಾಯಿಗೆ ಕರವಸ್ತ್ರ ಹಿಡಿದು ನಕ್ಕರು. ಆ ತಪ್ಪಿನಿಂದ ಯಾರ ಊಟಕ್ಕೂ ಕುತ್ತು ಬರಲಿಲ್ಲ, ಮುಂದಿನ ತಿಂಗಳು ತಿದ್ದಿದೆ.

ನಮ್ಮ ಮೇಲೆ ಇದ್ದ ಜಾಯಿಂಟ್ ಸೆಕ್ರೆಟರಿಯವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಕೆಟ್ಟವರಲ್ಲ. ಯಾರ ಮೇಲೂ ದನಿ ಏರಿಸಿದವರಲ್ಲ, ಯಾರಿಂದಲೂ ಒಂದು ಡಬ್ಬಿ ಮಿಠಾಯಿ ಕೂಡ ತೆಗೆದುಕೊಂಡವರಲ್ಲ. ಅವರದು ಒಂದೇ ಹಟ. "ಏಕ್ ಪೇಜ್, ಮೇಡಂ. ದೂಸ್ರಾ ಪೇಜ್ ಕೋಯೀ ನಹೀಂ ಪಢ್ತಾ," ಎನ್ನುತ್ತಿದ್ದರು. ಒಂದೇ ಪುಟ, ಎರಡನೆಯ ಪುಟವನ್ನು ಯಾರೂ ಓದುವುದಿಲ್ಲ. ನಿಜವೇ, ಅವರ ಮೇಲಿನವರು ಓದುತ್ತಿರಲಿಲ್ಲ. ತಖ್ತೆಯೂ ಸೇರಿ ಒಂದೇ ಪುಟದಲ್ಲಿ ಮುಗಿಯಬೇಕು, ಅಕ್ಷರ ಚಿಕ್ಕದು ಮಾಡಿ ತುರುಕಬಾರದು. ಈ ವಿದ್ಯೆಯಲ್ಲಿ ನಾನು ಬೇಗ ಪಳಗಿದೆ. ಬೇರೆ ವಿಭಾಗದವರೂ ತಮ್ಮ ಉದ್ದದ ಟಿಪ್ಪಣಿ ತಂದು, "ಮೇಡಂ, ಇದನ್ನು ಸ್ವಲ್ಪ ಕುಗ್ಗಿಸಿಕೊಡಿ" ಎಂದು ಕೇಳುತ್ತಿದ್ದರು. ನನಗೆ ಅದು ಹೆಮ್ಮೆಯ ವಿಷಯವಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಬಂದ ಕಾಲಕ್ಕೆ ತಖ್ತೆಯನ್ನು ಕೈಯಲ್ಲೇ ಬರೆಯುತ್ತಿದ್ದೆವು. ಎರಡು ಮೂರು ಹಾಳೆಗಳನ್ನು ಗೋಂದು ಹಚ್ಚಿ ಅಂಟಿಸಿ, ಸೀರೆ ಮಡಿಸಿದಂತೆ ಮಡಿಸಿ ಕಡತಕ್ಕೆ ಪೋಣಿಸುವುದು. ಒಂದು ಕಾಲಂ ಬೇಡವೆಂದರೆ ಇಡೀ ತಖ್ತೆ ಮತ್ತೆ ಬರೆಯಬೇಕು. ಅದಕ್ಕೆ ಸೋಮಾರಿತನಕ್ಕಾದರೂ ಎಲ್ಲ ಕಾಲಂಗಳೂ ಉಳಿದುಕೊಳ್ಳುತ್ತಿದ್ದವು. ಆಮೇಲೆ ಕಂಪ್ಯೂಟರ್ ಬಂತು. ಬೇಡವಾದ ಕಾಲಂ ಮೇಲೆ ಮೌಸ್ ಇಟ್ಟು ಒತ್ತಿದರೆ ಅದು ಮಾಯ, ಮೊತ್ತ ಮಾತ್ರ ಹಾಗೇ ಇರುತ್ತದೆ. ನಾನು ಕುಣಿದಾಡಿಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಕುಮಟಾ ಕಡೆಯ ಒಂದು ಸಣ್ಣ ಬಂದರನ್ನು ದೊಡ್ಡದು ಮಾಡುವ ಪ್ರಸ್ತಾವ ಬಂದಿತ್ತು. ಆ ಊರಿನ ಹೆಸರು ಬರೆಯುವುದಿಲ್ಲ. ದೋಣಿ ನಿಲ್ಲಿಸಿ ಮೀನು ಇಳಿಸಲು ಹೊಸ ಧಕ್ಕೆ, ದೊಡ್ಡ ಟ್ರಾಲರ್ ದೋಣಿಗಳಿಗೆ ಸಹಾಯಧನ. ರಾಜ್ಯದಿಂದ ಬಂದ ತಖ್ತೆಯಲ್ಲಿ ಆ ಬಂದರಿನ ಮೀನು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಆದರೆ ಅದರಲ್ಲಿ ಒಂದು ಕಾಲಂ ಇತ್ತು: ಹಿಟ್ಟಿಗೆ ಹೋದ ಮೀನು. ಬಲೆಯ ಕಣ್ಣು ತೀರ ಸಣ್ಣದಾದರೆ ಮರಿಮೀನೂ ಸಿಕ್ಕಿಬೀಳುತ್ತದೆ. ಅದನ್ನು ಯಾರೂ ತಿನ್ನಲು ಕೊಳ್ಳುವುದಿಲ್ಲ. ಆ ಮರಿಗಳನ್ನು ಒಣಗಿಸಿ, ಅರೆದು, ಕೋಳಿಗೆ, ಸಾಕಿದ ಸೀಗಡಿಗೆ ಮೇವು ಮಾಡುವ ಫ್ಯಾಕ್ಟರಿಗಳು ಆಗ ಕರಾವಳಿಯಲ್ಲಿ ಏಳುತ್ತಿದ್ದವು. ಆ ಬಂದರಿನ ಹೆಚ್ಚಳವೆಲ್ಲ ಹೆಚ್ಚುಕಡಿಮೆ ಆ ಕಾಲಂನಲ್ಲೇ ಇತ್ತು. ಬಂಗಡೆ, ತಾರ್ಲೆ ಕಡಿಮೆಯಾಗುತ್ತಿದ್ದವು. ದೋಣಿಗಳು ನೀರಿನಲ್ಲಿದ್ದ ದಿನಗಳ ಕಾಲಂ ಏರುತ್ತಿತ್ತು.

ಅರ್ಥಶಾಸ್ತ್ರ ಓದಿದವರಿಗೆ ಇದರಲ್ಲಿ ತಿಳಿಯದ್ದೇನೂ ಇಲ್ಲ. ನಮ್ಮ ಕ್ವಾರ್ಟರ್ಸ್‌ನ ಕೆಳಗಿನ ಸಂಪಿನಲ್ಲಿ ನೀರು ಕಡಿಮೆಯಾದಷ್ಟೂ ಮೋಟಾರು ಹೆಚ್ಚು ಹೊತ್ತು ಓಡುತ್ತಿತ್ತು. ಮೇಲಿನ ಟ್ಯಾಂಕು ತುಂಬಿತಲ್ಲ ಎಂದು ನಾವು ಸುಮ್ಮನಿರುತ್ತಿದ್ದೆವು, ಒಂದು ದಿನ ನಲ್ಲಿಯಲ್ಲಿ ಗಾಳಿ ಬರುವವರೆಗೆ. ದಡಕ್ಕೆ ಎಷ್ಟು ಮೀನು ಬಂತು ಎನ್ನುವುದರ ಜೊತೆಗೆ ಅದನ್ನು ತರಲು ಎಷ್ಟು ಹೊತ್ತು, ಎಷ್ಟು ಡೀಸೆಲ್ ಬೇಕಾಯಿತು, ಎಷ್ಟು ಉದ್ದದ ಮೀನು ಬಂತು ಎಂದು ಕೇಳದಿದ್ದರೆ ಸಮುದ್ರದಲ್ಲಿ ಏನು ಉಳಿದಿದೆ ಎಂದು ಹೇಳಲಾಗದು. ಮೀನಿನ ಅರ್ಥಶಾಸ್ತ್ರದ ಮೊದಲ ಪಾಠವೇ ಇದು, ನನಗೆ ಚೆನ್ನಾಗಿ ಗೊತ್ತಿತ್ತು.

ತಖ್ತೆ ಒಂದು ಪುಟ ಮೀರಿ ಎರಡು ಕಾಲಂ ಹೊರಗೆ ಉಳಿಯಿತು. ನಾನು ದಿನಗಳ ಕಾಲಂ ಮರೆಮಾಡಿದೆ. ಹಿಟ್ಟಿನ ಮೀನನ್ನು 'ಇತರೆ'ಗೆ ಸೇರಿಸಿದೆ. ತಖ್ತೆ ಪುಟದೊಳಗೆ ಚಂದವಾಗಿ ಕೂತಿತು. ಸಹಿ ಮಾಡಿ ಮೇಲಕ್ಕೆ ಕಳಿಸಿದೆ. ಯಾರೂ ನನಗೆ ಹಾಗೆ ಮಾಡು ಎಂದಿರಲಿಲ್ಲ, ಲಂಚ ಕೊಟ್ಟಿರಲಿಲ್ಲ, ಹೆದರಿಸಿರಲಿಲ್ಲ. ಪುಟಕ್ಕೆ ಹಿಡಿಸಲಿಲ್ಲ ಅಷ್ಟೆ.

ಅದೇ ವರ್ಷ ಜುಲೈಯಲ್ಲಿ ಆ ಊರಿನಿಂದ ಇಬ್ಬರು ಬಂದರು. ಮಳೆಗಾಲದಲ್ಲಿ ದೊಡ್ಡ ದೋಣಿಗಳಿಗೆ ನಿಷೇಧ, ಸಮುದ್ರವೂ ಒರಟು, ದಿಲ್ಲಿಗೆ ಬರಲು ಅವರಿಗೆ ಬಿಡುವಿರುವುದು ಆಗಲೇ. ಒಬ್ಬರು ಸಣ್ಣ ದೋಣಿಯವರ ಸಂಘದ ಅಧ್ಯಕ್ಷರು, ಹೆಚ್ಚು ಮಾತಿಲ್ಲದ ವಯಸ್ಸಾದ ಮನುಷ್ಯ. ಇನ್ನೊಬ್ಬರು ನಾಗವೇಣಿ, ಮೀನು ಮಾರುವ ಹೆಂಗಸರ ಪರವಾಗಿ ಬಂದವರು, ನನಗಿಂತ ಐದಾರು ವರ್ಷ ಚಿಕ್ಕವರಿರಬೇಕು. ಮರುದಿನ ಬೆಳಿಗ್ಗೆ ಸಾಹೇಬರು ಅವರಿಗೆ ಸಮಯ ಕೊಟ್ಟಿದ್ದರು. ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ಹಿಂದಿನ ಮಧ್ಯಾಹ್ನ ನನ್ನ ಹತ್ತಿರ ಕಳಿಸಿದ್ದರು.

ನಾಗವೇಣಿ ನನ್ನನ್ನು ಅಕ್ಕೋರೆ ಎಂದು ಕರೆದರು. ಅವರ ಕಡೆ ಶಾಲೆಯ ಟೀಚರನ್ನು ಹಾಗೆ ಕರೆಯುತ್ತಾರಂತೆ.

"ಅಕ್ಕೋರೆ, ನಾವು ಧಕ್ಕೆ ಬ್ಯಾಡ ಹೇಳೂಕೆ ಬಂದದ್ದಲ್ಲ," ಎಂದರು. "ದೊಡ್ಡ ದೋಣಿ ಬರ್ಲಿ. ಬಲೆ ಕಣ್ಣು ದೊಡ್ಡದು ಮಾಡಿ, ದಡದ ಹತ್ರ ಬರ್ದೇ ಇದ್ದಂಗೆ ಮಾಡಿ, ಆಮೇಲೆ ಧಕ್ಕೆ ಕಟ್ಟಿ. ಮರೀನೆಲ್ಲ ಹಿಟ್ಟಿಗೆ ಹಾಕಿದ್ರೆ ನಾಳೆಗೆ ಎಂತ ಉಳೀತದೆ? ನನ್ನ ಗಂಡ, ಮಗ ಇಬ್ರೂ ಸಣ್ಣ ದೋಣಿ ಮೇಲೇ ಇದ್ದದ್ದು."

ಮಡಿಲಿನಿಂದ ಒಂದು ಗಂಟು ತೆಗೆದು ಬಿಚ್ಚಿದರು. ಹಳೆಯ ಹಸಿರು ಸೀರೆಯ ತುಂಡು, ಒಳಗೆ ಒಣಮೀನು. ನನ್ನ ಕಿರುಬೆರಳಿಗಿಂತ ಚಿಕ್ಕ ಬಂಗಡೆ. ಹಿಟ್ಟಿನ ಫ್ಯಾಕ್ಟರಿಗೆ ಹೋಗುವ ರಾಶಿಯಿಂದ ಆರಿಸಿ ಒಣಗಿಸಿ ತಂದಿದ್ದರು. "ಕಾಗದ ಯಾರೂ ನಂಬೂದಿಲ್ಲ. ಇದ್ನ ಸಾಹೇಬ್ರ ಎದ್ರಿಗೆ ಇಡ್ತೆ. ಇದ್ರ ಹೊಟ್ಟೆಲಿ ಮೊಟ್ಟೆ ಆಗೂ ಮೊದ್ಲೇ ಹಿಡಿದಿದ್ದು ಅಂತ ಹೇಳ್ತೆ." ಇಳಿದುಕೊಂಡಿದ್ದ ಕಡೆ ಮ್ಯಾನೇಜರ್ ವಾಸನೆ ಎಂದು ಬೈದನಂತೆ. "ಒಂದು ರಾತ್ರಿ ನೀವೇ ಇಟ್ಕಳಿ ಅಕ್ಕೋರೆ."

ಇಟ್ಟುಕೊಳ್ಳುತ್ತೇನೆ ಎಂದೆ. ಅವರು ಹೋದ ಅರ್ಧ ಗಂಟೆಯಲ್ಲಿ ನಮ್ಮ ಕೋಣೆಯಲ್ಲಿ ಗಲಾಟೆ ಶುರುವಾಯಿತು. ಉತ್ತರದವರಿಗೆ ಆಗಲೇ ಶ್ರಾವಣ ಹತ್ತಿತ್ತು, ಅರ್ಧ ಜನ ಸೋಮವಾರದ ಉಪವಾಸದಲ್ಲಿದ್ದರು. "ಮೇಡಂ, ಸಾವನ್ ಚಲ್ ರಹಾ ಹೈ, ಯೇ ಕ್ಯಾ ಲೇ ಆಯೀಂ ಆಪ್?" ಶ್ರಾವಣದಲ್ಲಿ ಇದೇನು ತಂದಿರಿ ಎಂದು ಒಬ್ಬರು ಮೂಗು ಮುಚ್ಚಿಕೊಂಡರು. ಇನ್ನೊಬ್ಬರು ಕಿಟಕಿ ತೆಗೆದರು. ತೇವದ ಹವೆಗೆ ವಾಸನೆ ಏರುತ್ತಲೇ ಇತ್ತು. ನಿಜ ಹೇಳಬೇಕೆಂದರೆ ಅದನ್ನು ಎಲ್ಲರಿಗಿಂತ ತಡೆಯಲಾರದವಳು ನಾನೇ. ಚಪರಾಸಿ ರಾಮ್‌ಧನ್‌ನನ್ನು ಕರೆದು, "ಇಸೇ ಬಾಹರ್ ರಖ್ ದೋ" ಎಂದೆ. ಹೊರಗೆ ಎಂದರೆ ಎಲ್ಲಿ ಎಂದು ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ. ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿ ಅಲಮಾರಿಯಲ್ಲಿ ಇಡಬಹುದಿತ್ತು. ನನ್ನ ಊಟದ ಡಬ್ಬಿಯೇ ಇತ್ತು. ಅದರಲ್ಲಿ ಮೀನು ಹಾಕಲು ನನ್ನ ಕೈ ಬರಲಿಲ್ಲ.

ಮರುದಿನ ಬೆಳಿಗ್ಗೆ ಕೇಳಿದರೆ ರಾಮ್‌ಧನ್ ತಲೆ ಕೆರೆದುಕೊಂಡ. ಸೈಕಲ್ ಸ್ಟ್ಯಾಂಡ್ ಪಕ್ಕ ಇಟ್ಟಿದ್ದನಂತೆ, ಬೆಕ್ಕುಗಳು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಸಾಹೇಬರ ಕೋಣೆಯಿಂದ ಕರೆ ಬಂತು.

ನಾಗವೇಣಿ ಆಗಲೇ ಒಳಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅವರ ಕನ್ನಡವನ್ನು ನಾನು ಹಿಂದಿ ಮಾಡಬೇಕು, ಸಾಹೇಬರ ಹಿಂದಿಯನ್ನು ಕನ್ನಡ ಮಾಡಬೇಕು. ಮೊದಲು ಅಧ್ಯಕ್ಷರು ಅರ್ಜಿ ಕೊಟ್ಟರು. ನಾಗವೇಣಿ ಮರಿಮೀನಿನ ವಿಷಯ ಹೇಳಿದರು. ಸಾಹೇಬರು ತಾಳ್ಮೆಯಿಂದ ಕೇಳಿಸಿಕೊಂಡು, ಮುಂದಿದ್ದ ನನ್ನ ಒಂದು ಪುಟವನ್ನು ತಿರುಗಿಸಿ ತೋರಿಸಿದರು. "ಟೇಬಲ್ ಮೇಂ ತೋ ಸಬ್ ಬಢ್ ರಹಾ ಹೈ. ಸ್ಯಾಂಪಲ್ ಲಾಯೇ ಹೈಂ?" ತಖ್ತೆಯಲ್ಲಿ ಎಲ್ಲ ಏರುತ್ತಿದೆಯಲ್ಲ, ಮಾದರಿ ಏನಾದರೂ ತಂದಿದ್ದೀರಾ?

ನಾನು ಅದನ್ನು ಕನ್ನಡದಲ್ಲಿ ಕೇಳಿದೆ. ನಾಗವೇಣಿ ನನ್ನ ಮುಖ ನೋಡಿದರು.

"ಮಳೆಗಾಲ ಅಲ್ವಾ," ಎಂದೆ ನಾನು. "ತೇವಕ್ಕೆ ಹಾಳಾಗಿಹೋಯ್ತು. ಎಸೆಯಬೇಕಾಯ್ತು."

"ಹ್ಞೂಂ ಅಕ್ಕೋರೆ," ಎಂದರು ಅವರು. "ಹಾಳಾಗ್ತದೆ."

ಸಾಹೇಬರಿಗೆ ಹಿಂದಿಯಲ್ಲೂ ಅದನ್ನೇ ಹೇಳಿದೆ. ಆಗಲೂ ಒಂದು ದಾರಿ ಇತ್ತು. ಸರ್, ಈ ಏರಿಕೆ ಮರಿಮೀನಿನದು, ಆ ಕಾಲಂ ನಾನು ಮರೆಮಾಡಿದ್ದೇನೆ, ಇವರು ಹೇಳುವುದು ಸರಿ ಎಂದು ನಾಲ್ಕು ಮಾತು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ತಾನೇ ಸಹಿ ಹಾಕಿ ಮೇಲಕ್ಕೆ ಕಳಿಸಿದ ಟಿಪ್ಪಣಿಯನ್ನು ಹೊರಗಿನವರ ಎದುರು, ಮೇಲಧಿಕಾರಿಯ ಮೇಜಿನ ಮುಂದೆ ನಿಂತು ತಪ್ಪು ಎನ್ನುವುದನ್ನು ನಾವ್ಯಾರೂ ಕಲಿತಿರಲಿಲ್ಲ. ಸಾಹೇಬರು, ದಡದ ಹತ್ತಿರದ ನೀರು ರಾಜ್ಯದ ವಿಷಯ, ಅವರಿಗೆ ಪತ್ರ ಬರೆಯುತ್ತೇವೆ ಎಂದು ಹೇಳಿ, ಇಬ್ಬರಿಗೂ ಚಹಾ ತರಿಸಿಕೊಟ್ಟು ಕಳಿಸಿದರು. ಪತ್ರ ಹೋಯಿತು. ಧಕ್ಕೆಗೆ ಮಂಜೂರಾತಿಯೂ ಹೋಯಿತು, ನನ್ನ ಟಿಪ್ಪಣಿಯ ಆಧಾರದ ಮೇಲೆ.

ಎರಡು ತಿಂಗಳು ನನಗೆ ಸಮಾಧಾನವಿರಲಿಲ್ಲ. ಕೊನೆಗೆ ಎಲ್ಲ ಕಾಲಂಗಳನ್ನೂ ಹಾಕಿ ಮೂರು ಪುಟದ ಹೊಸ ಟಿಪ್ಪಣಿ ಬರೆದೆ. ಬಲೆಯ ಕಣ್ಣಿನ ನಿಯಮ ಜಾರಿಯಾಗುವವರೆಗೆ ದೋಣಿಗಳ ಸಹಾಯಧನ ತಡೆಯಬೇಕು ಎಂದು ಕೊನೆಯಲ್ಲಿ ಸೇರಿಸಿದೆ. ಅದು ಅಂಚಿನಲ್ಲಿ 'ಚರ್ಚಿಸಿ' ಎಂಬ ಒಂದೇ ಪದ ಹೊತ್ತು ವಾಪಸು ಬಂತು. ಚರ್ಚಿಸುವ ಮುಂಚೆ ಸಾಹೇಬರಿಗೆ ವರ್ಗವಾಯಿತು. ಹೊಸಬರಿಗೆ ಹಳೆಯ ಮಂಜೂರಾತಿ ಕೆದಕುವ ಮನಸ್ಸಿರಲಿಲ್ಲ. ನಾನೂ ಗಟ್ಟಿಯಾಗಿ ಹಿಡಿಯಲಿಲ್ಲ. ಕೆಲವು ವರ್ಷಗಳಲ್ಲಿ ಆ ಬಂದರಿನ ತಖ್ತೆಯಲ್ಲಿ ಬಂಗಡೆ ತಳ ಕಂಡಿತು. ಕಾರಣ ಬರೆಯುವ ಜಾಗದಲ್ಲಿ ಯಾರೋ 'ಹವಾಮಾನ' ಎಂದು ಬರೆದಿದ್ದರು.

ದಶಕದ ಕೊನೆಯಲ್ಲಿ, ನನ್ನ ನಿವೃತ್ತಿಗೆ ಮೂರು ವಾರವಿದ್ದಾಗ, ಸಗಟು ಬೆಲೆಗಳ ಸಮೀಕ್ಷೆಗೆ ದೆಹಲಿಯ ಅಂಚಿನ ಗಾಜಿಪುರದ ಮೀನು ಮಂಡಿಗೆ ಹೋಗಬೇಕಾಯಿತು. ಅಷ್ಟು ವರ್ಷ ಮೀನಿನ ಕೆಲಸ ಮಾಡಿ ನಾನು ಮೀನು ಮಾರುಕಟ್ಟೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಸೆರಗು ಮೂಗಿಗೆ ಹಿಡಿದು, ಕರಗಿದ ಐಸಿನ ನೀರಿನಲ್ಲಿ ಚಪ್ಪಲಿ ಎಳೆಯುತ್ತ, ಆಂಧ್ರದ ಕೆರೆಗಳಿಂದ ಲಾರಿಯಲ್ಲಿ ಬಂದ ಕಾಟ್ಲಾ ಮೀನಿನ ಬೆಲೆ ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಮೀನು ಕತ್ತರಿಸುತ್ತಿದ್ದ ಮೂವತ್ತರ ಆಸುಪಾಸಿನವನೊಬ್ಬ ಫೋನನ್ನು ಹೆಗಲಿಗೆ ಒತ್ತಿಕೊಂಡು ಕನ್ನಡದಲ್ಲಿ ಮಾತಾಡುತ್ತಿದ್ದ. ಯಾವ ಊರಪ್ಪ ಎಂದೆ. ಅವನು ಹೆಸರಿಸಿದ್ದು ಅದೇ ಊರು. ನಾಗವೇಣಿ ಗೊತ್ತೇ ಎಂದೆ.

"ನಮ್ಮಮ್ಮ ಅಲ್ವಾ," ಎಂದ. "ಇಲ್ಲೇ ಇದ್ದಾಳೆ ಈಗ. ಹೆಂಡ್ತಿಗೆ ಹೆರಿಗೆ ಆಯ್ತು, ಅದ್ಕೆ ಬಂದದ್ದು. ದೋಣಿ ಮಾರಿ ನಾಲ್ಕು ವರ್ಷ ಆಯ್ತು."

ಅವರ ರೂಮು ಮಂಡಿಯ ಹಿಂದಿನ ಗಲ್ಲಿಯಲ್ಲೇ ಇತ್ತು. ನಾಗವೇಣಿ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, "ಅಯ್ಯೋ ಅಕ್ಕೋರೆ, ನೀವಾ? ಬನ್ನಿ, ಕೂತ್ಕಳಿ," ಎಂದು ಚಾಪೆ ಎಳೆದರು. ಗಂಡ ತೀರಿಹೋಗಿ ಎರಡು ವರ್ಷವಾಯಿತಂತೆ. ದಡದಲ್ಲಿ ಈಗ ಬೇರೆ ರಾಜ್ಯದ ಮೀನು ಐಸಿನಲ್ಲಿ ಬರುತ್ತದೆ, ಹೆಂಗಸರು ಅದನ್ನೇ ಬುಟ್ಟಿಯಲ್ಲಿ ಹೊರುತ್ತಾರೆ ಎಂದರು. ಯಾರ ಮೇಲೂ ದೂರಿರಲಿಲ್ಲ ಆ ಮಾತಿನಲ್ಲಿ. ಅದನ್ನೇ ನನ್ನಿಂದ ತಡೆಯಲಾಗಲಿಲ್ಲ.

"ನಾಗವೇಣಿ, ಆವತ್ತು ನಿಮ್ಮ ಮೀನು ತೇವಕ್ಕೆ ಹಾಳಾಗಿರಲಿಲ್ಲ," ಎಂದೆ. "ವಾಸನೆ ತಡೀಲಾರದೆ ನಾನೇ ಹೊರಗೆ ಹಾಕಿಸಿದ್ದೆ. ತಖ್ತೆಯಲ್ಲೂ ನಿಮ್ಮ ಮರಿಮೀನು ನಾನೇ ಮುಚ್ಚಿಟ್ಟಿದ್ದು."

ಅವರ ಕೈ ನಿಲ್ಲಲಿಲ್ಲ. ಮಗುವಿನ ತೊಡೆಗೆ ಎಣ್ಣೆ ಸವರುತ್ತಲೇ, "ತಖ್ತೆ ನಂಗೆ ಗೊತ್ತಿಲ್ಲ," ಎಂದರು. "ಮೀನು ಗೊತ್ತಿತ್ತು. ಬೆಳಿಗ್ಗೆ ಒಳಗೆ ಬರೂವಾಗ ಸೈಕಲ್ ಹತ್ರ ನನ್ನ ಸೀರೆ ತುಂಡು ಬಿದ್ದಿತ್ತು. ಎರಡು ಬೆಕ್ಕು ಕೂತಿದ್ವು."

"ಮತ್ತೆ ಸಾಹೇಬರ ಎದುರು ಯಾಕೆ ಹೇಳಲಿಲ್ಲ?"

"ಎಂತ ಹೇಳೂದು? ಅಷ್ಟು ದೊಡ್ಡ ಬಿಲ್ಡಿಂಗಲ್ಲಿ ನಮ್ಮ ಮಾತು ತಿಳಿಯೂರು ನೀವೊಬ್ರೇ ಇದ್ದದ್ದು. ನಿಮ್ಮ ಮರ್ಯಾದೆ ನಾನೇ ತೆಗೆದ್ರೆ ಆಮೇಲೆ ನಮ್ಮ ಪರವಾಗಿ ಬರಿಯೂರು ಯಾರು?"

ನನ್ನ ಕಣ್ಣು ತುಂಬಿ ಬಂತು, ಅದನ್ನು ಅವರು ನೋಡಿ ನೋಡದಂತೆ ಮಗುವನ್ನು ಮಗುಚಿ ಬೆನ್ನು ತಿಕ್ಕಲು ತೊಡಗಿದರು. ಸೊಸೆ ಚಹಾ ತಂದಳು. ನಾನು ಹೊರಡಲು ಎದ್ದಾಗ ನಾಗವೇಣಿ ಬಾಗಿಲವರೆಗೆ ಬಂದರು.

"ನಮ್ಮ ಬದಿ ಜನ ಇನ್ನೂ ಹತ್ತಿಪ್ಪತ್ತು ದೋಣಿ ಇಟ್ಕಂಡು ಕೂತಿದ್ದಾರೆ ಅಕ್ಕೋರೆ. ಬಲೆ ಕಣ್ಣಿನ ವಿಷ್ಯ ಈಗಾದ್ರೂ ಬರೀತ್ರಾ?"

"ಬರೀತೀನಿ," ಎಂದೆ. ಮೂರು ವಾರಕ್ಕೆ ನನ್ನ ಕುರ್ಚಿ ಇನ್ನೊಬ್ಬರದಾಗುತ್ತದೆ ಎಂದು ಹೇಳಲಿಲ್ಲ. ಅವರು ನನ್ನ ಎರಡೂ ಕೈ ಹಿಡಿದು ಒತ್ತಿದರು, ಎಣ್ಣೆಗೈಯಲ್ಲೇ.

ಆ ಮೂರು ವಾರ ಬೀಳ್ಕೊಡುಗೆ ಊಟ, ಪಿಂಚಣಿ ಕಾಗದ, ಜನಕಪುರಿಯ ಬಾಡಿಗೆ ಮನೆಗೆ ಸಾಮಾನು ಸಾಗಿಸುವುದರಲ್ಲೇ ಕಳೆದವು. ಟಿಪ್ಪಣಿ ಬರೆಯಲಿಲ್ಲ. ನೀವು ಈಗ ಆ ಕುರ್ಚಿಯಲ್ಲಿ ಕೂತಿದ್ದೀರಿ, ಅದಕ್ಕೇ ಇದನ್ನು ಬರೆದೆ. ಇದು ಒಂದು ಪುಟಕ್ಕೆ ಹಿಡಿಸಿಲ್ಲ, ದಯವಿಟ್ಟು ಪೂರ್ತಿ ಓದಿ.